ಆಟದ ಯಂತ್ರದ ಜ್ವರ

ಟೆಲಿವಿಷನ್ನಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಎಂಬ ಯಂತ್ರವು ಇಂದು ವಿದ್ಯಾರ್ಥಿಗಳ ಕೊಠಡಿಗಳಲ್ಲಿ ಅಪರೂಪದ ವಸ್ತುವಾಗಿ ಉಳಿದಿಲ್ಲ. ಅದು ಕಾಲಹರಣದ ಸಾಧನವೆಂದು ಹಿರಿಯರು ಹೇಳುವರು. ಬುದ್ಧಿಯನ್ನು ಚುರುಕುಗೊಳಿಸುವುದೆಂದು ಕಿರಿಯರು ವಾದಿಸುವರು. ಆ ವಾದದಲ್ಲಿ ಪಕ್ಷ ವಹಿಸುವುದು ನನ್ನ ಉದ್ದೇಶವಲ್ಲ. ಅದಕ್ಕೆ ಜ್ವರ ಬಂದಾಗ ಏನು ಮಾಡಬೇಕು, ಮುಖ್ಯವಾಗಿ ಏನನ್ನು ಮಾಡಿಸಬಾರದು ಎಂಬುದಷ್ಟನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ. ನಾನು ಇತಿಹಾಸದ ವಿದ್ಯಾರ್ಥಿ. ಉಷ್ಣಶಾಸ್ತ್ರ ನನ್ನ ಪಠ್ಯವಲ್ಲ. ಆದರೆ ನಾವು ನಾಲ್ವರು ಗೆಳೆಯರು ತಿಂಗಳುಗಟ್ಟಲೆ ಹಣ ಕೂಡಿಟ್ಟು ಕೊಂಡ ಹಳೆಯ ಯಂತ್ರವೊಂದು ಕಳೆದ ಏಪ್ರಿಲಿನಲ್ಲಿ ಆಟದ ನಡುವೆ ತಾನಾಗಿ ಆರಿಹೋಗತೊಡಗಿತು. ಹೊಸದನ್ನು ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆದುದರಿಂದ ಉಷ್ಣಶಾಸ್ತ್ರವನ್ನು ಸ್ವಲ್ಪ ಓದಲೇಬೇಕಾಯಿತು.

ಮೊದಲು ತಿಳಿಯತಕ್ಕದ್ದು ಇದು. ನೀರೆತ್ತುವ ಪಂಪು ತಾನು ಸೇವಿಸಿದ ವಿದ್ಯುತ್ತಿನಲ್ಲಿ ಒಂದು ಪಾಲನ್ನಾದರೂ ನೀರನ್ನು ಮೇಲೇರಿಸಲು ಬಳಸುತ್ತದೆ. ಲೆಕ್ಕ ಮಾಡುವ ಯಂತ್ರಕ್ಕೆ ಅಂಥ ಕೆಲಸವಿಲ್ಲ. ಅದು ಕುಡಿದ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ದೊಡ್ಡ ಆಟಗಳನ್ನಾಡುವಾಗ ಇಂಥ ಯಂತ್ರವೊಂದು 100ರಿಂದ 200 ವ್ಯಾಟುಗಳವರೆಗೆ ವಿದ್ಯುತ್ತನ್ನು ಎಳೆಯುವುದುಂಟು. 60 ವ್ಯಾಟಿನ ಹಳೆಯ ಕಾಲದ ಬಲ್ಬುಗಳನ್ನು ಎರಡು ಮೂರು ಉರಿಸಿ, ಕಿಟೆಲ್ ನಿಘಂಟಿನ ಗಾತ್ರದ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದರೆ ಹೇಗಿರಬಹುದೋ ಊಹಿಸಿಕೊಳ್ಳಿ. ಈ ಶಾಖದ ಬಹುಭಾಗವು ಹುಟ್ಟುವುದು ಅಂಚೆಚೀಟಿಯಷ್ಟು ಚಿಕ್ಕದಾದ ಒಂದು ಸಿಲಿಕಾನ್ ಚಿಪ್ಪಿನಲ್ಲಿ ಎಂಬುದು ಇನ್ನೂ ಸೋಜಿಗ.

ಆ ಶಾಖಕ್ಕೆ ಹೊರಹೋಗಲು ಒಂದೇ ದಾರಿ. ಚಿಪ್ಪಿನ ನೆತ್ತಿಯ ಮೇಲೆ ತಾಮ್ರ ಅಥವಾ ಅಲ್ಯೂಮಿನಿಯಮಿನ ಗಟ್ಟಿಯೊಂದು ಕುಳಿತಿರುತ್ತದೆ. ಅದಕ್ಕೆ ಪುಸ್ತಕದ ಹಾಳೆಗಳಂತೆ ತೆಳುವಾದ ನೂರಾರು ರೆಕ್ಕೆಗಳು. ಇದನ್ನು ಹೀಟ್ ಸಿಂಕ್ ಎನ್ನುವರು. ಪಂಖವು ಆ ರೆಕ್ಕೆಗಳ ನಡುವೆ ಗಾಳಿಯನ್ನು ನೂಕಿ ಹಿಂಬದಿಯ ಕಿಂಡಿಗಳಿಂದ ಹೊರಗಟ್ಟುತ್ತದೆ. ಚಿಪ್ಪೂ ಗಟ್ಟಿಯೂ ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳ ಮೈಯಲ್ಲಿ ಸೂಕ್ಷ್ಮವಾದ ತಗ್ಗುದಿಣ್ಣೆಗಳಿವೆ. ಒಂದರ ಮೇಲೊಂದನ್ನಿಟ್ಟರೆ ನಡುವೆ ಗಾಳಿ ಉಳಿಯುತ್ತದೆ. ಶಾಖವನ್ನು ಸಾಗಿಸುವುದರಲ್ಲಿ ಗಾಳಿಯಷ್ಟು ಸೋಮಾರಿಯಾದ ವಸ್ತು ಬೇರೊಂದಿಲ್ಲವೆನ್ನಬಹುದು. ತಾಮ್ರವು ಅದಕ್ಕಿಂತ ಸುಮಾರು 15,000 ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಆದುದರಿಂದ ನಡುವಿನ ತಗ್ಗುಗಳನ್ನು ತುಂಬಲು ಥರ್ಮಲ್ ಪೇಸ್ಟ್ ಎಂಬ ಬೂದುಬಣ್ಣದ ಲೇಪವನ್ನು ಹಚ್ಚಿರುತ್ತಾರೆ. ಇದು ತಾಮ್ರಕ್ಕೆ ಸಮನಲ್ಲದಿದ್ದರೂ ಗಾಳಿಗಿಂತ ನೂರು ಪಟ್ಟಿಗೂ ಮಿಗಿಲು. ಹಣೆಗೆ ಹಚ್ಚಿದ ಗಂಧವು ಹೊತ್ತೇರಿದಂತೆ ಒಣಗಿ ಬಿರಿಯುವುದಷ್ಟೆ? ಈ ಲೇಪದ ಗತಿಯೂ ಅದೇ. ಕೆಲವು ವರ್ಷಗಳಲ್ಲಿ ಅದು ಒಣಗಿ ಸೀಳುಬಿಡುತ್ತದೆ. ಸೀಳುಗಳೊಳಗೆ ಮತ್ತೆ ಗಾಳಿ ಬಂದು ಕೂರುತ್ತದೆ.

ಒಳಗಿನ ಕಥೆ ಇದಾದರೆ ಹೊರಗಿನದು ಇನ್ನೊಂದು. ಪಂಖವು ಕೋಣೆಯ ಗಾಳಿಯನ್ನು ಎಳೆಯುವಾಗ ಅದರೊಡನೆ ಹಾಸಿಗೆಯ ಹತ್ತಿಯ ಎಳೆ, ತಲೆಗೂದಲು, ಬೀದಿಯ ದೂಳು ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಇವು ರೆಕ್ಕೆಗಳ ಬಾಯಲ್ಲಿ ಹೆಣೆದುಕೊಂಡು ಕಂಬಳಿಯಂತಾಗುತ್ತವೆ. ಅನೇಕ ಮನೆಗಳಲ್ಲಿ ಯಂತ್ರವನ್ನು ಗಾಜಿನ ಬಾಗಿಲಿನ ಷೋಕೇಸಿನೊಳಗಿಟ್ಟು, ಮೇಲೆ ಕ್ರೋಷಾ ಹೆಣಿಗೆಯ ಹೊದಿಕೆಯೊಂದನ್ನು ಹಾಸಿರುವುದನ್ನು ಕಂಡಿದ್ದೇನೆ. ಹೆಣಿಗೆಯ ಅಂದದ ವಿಚಾರವಾಗಿ ನನ್ನ ತಕರಾರಿಲ್ಲ. ಆದರೆ ಅಲ್ಲಿ ಯಂತ್ರವು ತಾನು ಬಿಟ್ಟ ಬಿಸಿಯುಸಿರನ್ನೇ ಮತ್ತೆ ಒಳಗೆಳೆಯುತ್ತಿರುತ್ತದೆ.

ಇನ್ನು ನಮ್ಮ ಊರಿನ ಬಿಸಿಲು. ಪಂಖವೆಷ್ಟೇ ತಿರುಗಿದರೂ ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಕೋಣೆ 25 ಡಿಗ್ರಿ ಇರುವಾಗ ಚಿಪ್ಪು 75 ಡಿಗ್ರಿಗೆ ಏರುತ್ತದೆನ್ನಿ; ಕೋಣೆ 40 ಡಿಗ್ರಿಯಾದರೆ, ಬೇರೆಲ್ಲವೂ ಹಾಗೆಯೇ ಇದ್ದು, ಚಿಪ್ಪು 90ಕ್ಕೆ ಏರುತ್ತದೆ. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 4ರ ಕೈಪಿಡಿಯಲ್ಲಿ ಬಳಕೆಗೆ ತಕ್ಕ ಕೋಣೆಯ ಉಷ್ಣಾಂಶವು 5ರಿಂದ 35 ಡಿಗ್ರಿ ಎಂದಿದೆ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್, ಮೇ ತಿಂಗಳುಗಳ ಹಗಲು 40ನ್ನು ದಾಟುವುದು ಸಾಮಾನ್ಯ. ಟೋಕಿಯೋದಲ್ಲಿ ಕುಳಿತು ಕೈಪಿಡಿ ಬರೆದವರನ್ನು ಇದಕ್ಕೆ ದೂರುವಂತಿಲ್ಲ. ಆದರೆ ನಮ್ಮಲ್ಲಿ ಬೇಸಗೆಯ ಮಧ್ಯಾಹ್ನ ಆಡುವವನು ಯಂತ್ರದ ಸೀಮೆಯನ್ನು ಮೀರಿ ಆಡುತ್ತಿದ್ದಾನೆಂದು ತಿಳಿದಿರುವುದು ಒಳ್ಳೆಯದು.

ಹೀಗೆ ಕಾವು ಮಿತಿಮೀರಿದಾಗ ಯಂತ್ರವು ತೆರೆಯ ಮೇಲೆ ಎಚ್ಚರಿಕೆ ತೋರಿಸಿ ಆರಿಹೋಗುತ್ತದೆ. ಇದನ್ನು ಕಂಡೊಡನೆ ‘ಕೆಟ್ಟಿತು’ ಎಂದು ಎದೆಗುಂದುವುದು ಸಲ್ಲದು. ಆರಿಹೋಗುವುದು ಅದು ತನ್ನನ್ನು ಕಾಪಾಡಿಕೊಳ್ಳುವ ರೀತಿ. ಕೇಳಬೇಕಾದ ಪ್ರಶ್ನೆ, ಎಷ್ಟು ಹೊತ್ತಿಗೆ ಆರಿತು ಎಂಬುದು. ನಾವು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ವಾರವಿಡೀ ಗುರುತು ಹಾಕಿದೆವು. ಮಧ್ಯಾಹ್ನ ಹಚ್ಚಿದರೆ 18 ನಿಮಿಷ. ರಾತ್ರಿ ಹತ್ತರ ಮೇಲೆ 40 ನಿಮಿಷ. ಬೆಳಗಿನ ಐದಕ್ಕೆ ಎದ್ದು ಹಚ್ಚಿದರೆ (ಪರೀಕ್ಷೆಗೆ ಎಂದೂ ಏಳದವನು ಇದಕ್ಕೆ ಎದ್ದ) ಒಂದು ಗಂಟೆ ಹತ್ತು ನಿಮಿಷ. ಕೋಣೆ ತಂಪಾದಷ್ಟೂ ಯಂತ್ರ ಹೆಚ್ಚು ಹೊತ್ತು ಬಾಳಿತು. ಎಂದರೆ ಚಿಪ್ಪು ತನ್ನ ಕೆಲಸ ಮಾಡುತ್ತಲೇ ಇದೆ. ಶಾಖ ಹೊರಹೋಗುವ ದಾರಿ ಎಲ್ಲೋ ಕಟ್ಟಿದೆ. ಚಳಿಯಾಗಲಿ ಸೆಕೆಯಾಗಲಿ ಹಚ್ಚಿದ ಎರಡೇ ಕ್ಷಣದಲ್ಲಿ ಆರುವ ಯಂತ್ರದ ರೋಗ ಬೇರೆ: ಅಲ್ಲಿ ವಿದ್ಯುತ್ ಪೂರೈಸುವ ಭಾಗವನ್ನೋ ಬೋರ್ಡನ್ನೋ ನೋಡಬೇಕು.

ನಾವು ಮೊದಲು ಹೋದ ಅಂಗಡಿಯವನು ಈ ನಿಮಿಷಗಳ ಲೆಕ್ಕವನ್ನು ಕೇಳಲೂ ಇಲ್ಲ. ಯಂತ್ರವನ್ನು ತೆರೆಯದೆಯೇ, “ಚಿಪ್ಪಿನ ಬೆಸುಗೆ ಬಿಟ್ಟಿದೆ, ಬಿಸಿಗಾಳಿ ಕೊಟ್ಟು ಕೂರಿಸಬೇಕು, 4,000 ರೂಪಾಯಿ” ಎಂದನು. ಕಾವಿನಿಂದ ಬಳಲುವುದಕ್ಕೆ ಇನ್ನಷ್ಟು ಕಾವು ಕೊಡುವ ಈ ಚಿಕಿತ್ಸೆ ಎಲ್ಲಿಂದ ಬಂತೆಂಬುದಕ್ಕೆ ಒಂದು ಚರಿತ್ರೆಯೇ ಇದೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ.

ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು 2005ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಯಂತ್ರವನ್ನು ಹೊರತಂದಿತು. ಭಾರತಕ್ಕೆ ಅದು ಬಂದದ್ದು 2006ರ ಸೆಪ್ಟೆಂಬರಿನಲ್ಲಿ. ಅದರ ಗುಂಡಿಯ ಸುತ್ತ ಹಸಿರು ದೀಪಗಳ ಉಂಗುರವೊಂದಿತ್ತು. ಯಂತ್ರ ಕೆಟ್ಟಾಗ ಆ ಉಂಗುರದ ಮೂರು ಭಾಗಗಳು ಕೆಂಪಗೆ ಮಿನುಗುತ್ತಿದ್ದವು. ಜನರು ಇದಕ್ಕೆ ‘ಸಾವಿನ ಕೆಂಪುಂಗುರ’ ಎಂದು ಹೆಸರಿಟ್ಟರು. ಕೆಡುವ ಯಂತ್ರಗಳ ಸಂಖ್ಯೆ ಬೆಳೆದು, 2007ರ ಜುಲೈಯಲ್ಲಿ ಸಂಸ್ಥೆಯು ಈ ದೋಷಕ್ಕೆ ಮೂರು ವರ್ಷಗಳವರೆಗೆ ಉಚಿತ ರಿಪೇರಿಯನ್ನು ಘೋಷಿಸಿತು. ಅದಕ್ಕಾಗಿ ನೂರು ಕೋಟಿ ಡಾಲರಿಗೂ ಮಿಗಿಲಾದ ಮೊತ್ತವನ್ನು ಲೆಕ್ಕದಲ್ಲಿ ತೆಗೆದಿಟ್ಟಿತು. ಮೊದಲೇ ಕೈಯಿಂದ ಹಣ ತೆತ್ತು ರಿಪೇರಿ ಮಾಡಿಸಿದ್ದವರಿಗೆ ಹಣವನ್ನು ಹಿಂದಿರುಗಿಸಿತು.

ಆ ದಿನಗಳಲ್ಲಿ ಹುಟ್ಟಿದ ಮನೆಮದ್ದುಗಳಲ್ಲಿ ಪ್ರಸಿದ್ಧವಾದುದು ಟವೆಲಿನ ಚಿಕಿತ್ಸೆ. ಕೆಟ್ಟ ಯಂತ್ರಕ್ಕೆ ಟವೆಲುಗಳನ್ನು ಸುತ್ತಿ ಸುಮಾರು ಇಪ್ಪತ್ತು ನಿಮಿಷ ಹಚ್ಚಿಡುವುದು! ಒಳಗೆ ಕಾವೇರಿ ಬಿಟ್ಟ ಬೆಸುಗೆ ಕರಗಿ ಕೂಡುತ್ತದೆಂಬುದು ಅವರ ಎಣಿಕೆ. ಕೆಲವು ಯಂತ್ರಗಳು ಆಮೇಲೆ ನಡೆದದ್ದೂ ಉಂಟು. ಆದರೆ ಸೀಸ, ತವರಗಳ ಹಳೆಯ ಬೆಸುಗೆ ಕರಗುವುದೇ 183 ಡಿಗ್ರಿಗೆ. ಯೂರೋಪಿನ ಒಕ್ಕೂಟವು 2006ರ ಜುಲೈ 1ರಿಂದ ಇಂಥ ಯಂತ್ರಗಳಲ್ಲಿ ಸೀಸವನ್ನು ನಿರ್ಬಂಧಿಸಿದ ಕಾಲದಿಂದ ಬಳಕೆಗೆ ಬಂದ ಸೀಸರಹಿತ ಬೆಸುಗೆ ಕರಗುವುದು ಸುಮಾರು 217 ಡಿಗ್ರಿಗೆ. ಟವೆಲಿನೊಳಗೆ ಅಷ್ಟು ಕಾವು ಎಲ್ಲಿಂದ ಬರಬೇಕು? ಹಾಗಾದರೆ ನಡೆದದ್ದೇಕೆ?

ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಕಾದಾಗ ಹಿಗ್ಗಿದ ಪಟ್ಟಿ ಆರಿದಾಗ ಕುಗ್ಗಿ ಬಿಗಿಹಿಡಿಯುತ್ತದೆ. ಎಲ್ಲ ವಸ್ತುಗಳೂ ಹಿಗ್ಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಲ್ಲ. ಹತ್ತು ಮಿಲಿಮೀಟರ್ ಉದ್ದದ ಸಿಲಿಕಾನ್ ತುಂಡು 60 ಡಿಗ್ರಿ ಕಾವೇರಿದರೆ ಸುಮಾರು ಒಂದೂವರೆ ಮೈಕ್ರಾನ್ ಹಿಗ್ಗುತ್ತದೆ. ಅದನ್ನು ಹೊತ್ತ ಹಲಗೆ ಅಷ್ಟೇ ಉದ್ದಕ್ಕೆ ಸುಮಾರು ಹತ್ತು ಮೈಕ್ರಾನ್ ಹಿಗ್ಗುತ್ತದೆ. ಈ ಎಳೆದಾಟವೆಲ್ಲ ಬೀಳುವುದು ನಡುವಿನ ಬೆಸುಗೆಯ ಹನಿಗಳ ಮೇಲೆ. ಒಂದು ಸಲದ ವ್ಯತ್ಯಾಸ ತಲೆಗೂದಲ ದಪ್ಪದ ಹತ್ತನೆಯ ಒಂದು ಪಾಲಿನಷ್ಟೇ ಇರಬಹುದು. ಆದರೆ ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಕೊನೆಗೆ ತುಂಡಾಗುವಂತೆ, ಹಚ್ಚಿದಾಗ ಕಾದು ಆರಿಸಿದಾಗ ತಣಿದು, ಸಾವಿರಾರು ಸಲ ಎಳೆಸಿಕೊಂಡ ಹನಿ ಬಿರಿಯುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯೇ 2021ರ ಡಿಸೆಂಬರಿನಲ್ಲಿ ಹೊರತಂದ ತನ್ನ ಚರಿತ್ರೆಯ ಸಾಕ್ಷ್ಯಚಿತ್ರದಲ್ಲಿ ಅಂದಿನ ಇಂಜಿನಿಯರರು ಇದನ್ನೇ ಹೇಳಿದ್ದಾರೆ: ಕಾದು ತಣಿಯುವುದರಿಂದ ಬಿರಿದದ್ದು ದೊಡ್ಡ ಬೋರ್ಡಿನ ಬೆಸುಗೆಯಲ್ಲ, ಬಿಡಿಭಾಗಗಳ ಒಳಗಿನ ಸಂಪರ್ಕಗಳು. ಟವೆಲು ಸುತ್ತಿದಾಗ ಒಳಭಾಗ ಹಿಗ್ಗಿ, ಬಿರಿದ ಎರಡು ಅಂಚುಗಳು ತಾತ್ಕಾಲಿಕವಾಗಿ ಒಂದನ್ನೊಂದು ಮುಟ್ಟುತ್ತಿದ್ದುವು, ಅಷ್ಟೆ. ಬಿಸಿಗಾಳಿಯ ಚಿಕಿತ್ಸೆಯೂ ಬಹುಪಾಲು ಇದರ ಅಣ್ಣನೇ. ಕೆಲವು ವಾರ ನಡೆದು ಮತ್ತೆ ನಿಲ್ಲುತ್ತದೆ. ನಡುವೆ ಅಕ್ಕಪಕ್ಕದ ಕೆಪ್ಯಾಸಿಟರುಗಳು ಸುಮ್ಮನೆ ಬೆಂದಿರುತ್ತವೆ. ಬಿರಿದದ್ದು ನಿಜವಾಗಿ ಚಿಪ್ಪಿನ ಒಳಗೇ ಆದರೆ ಹೊಸ ಚಿಪ್ಪನ್ನು ಹಾಕುವುದೊಂದೇ ದಾರಿ. ಬಿರಿಯದೆಯೇ ಇದ್ದರಂತೂ ಬಿಸಿಗಾಳಿಯಿಂದ ಯಾವ ಲಾಭವೂ ಇಲ್ಲ.

ನಮ್ಮ ಯಂತ್ರ ಬಿರಿದಿರಲಿಲ್ಲವೆಂಬುದಕ್ಕೆ ಕ್ಯಾಲೆಂಡರಿನ ಅಂಚೇ ಸಾಕ್ಷಿ. ಅದನ್ನು ಎತ್ತಿಕೊಂಡು, ರೇಡಿಯೋ ಕಾಲದಿಂದ ರಿಪೇರಿ ಮಾಡುತ್ತ ಬಂದಿರುವ ವೃದ್ಧರೊಬ್ಬರ ಬಳಿಗೆ ಹೋದೆವು. ನಾವು ಅವರನ್ನು ಚಾಚಾ ಎನ್ನುತ್ತೇವೆ. ಅವರು ಯಂತ್ರವನ್ನು ಹಚ್ಚಿ, ಹಿಂಬದಿಯ ಕಿಂಡಿಗೆ ಅಂಗೈ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು.

“ಪಂಖಾ ತಿರುಗಲಿಕ್ಕತ್ತದ, ಗಾಳಿ ಹೊರಗ ಬರವಲ್ದು. ಮೂಗು ಕಟ್ಟ್ಯದ ತಮ್ಮಾ. ಮೊದಲ ಮೂಗು ಬಿಡಸೋಣ, ಆಮ್ಯಾಲ ಮಿದುಳಿನ ಮಾತು.”

“ಚಾಚಾ, ಅವರು ಚಿಪ್ಪು ಕಾಯಿಸಬೇಕಂದ್ರಲ್ಲಾ?”

“ಕಾಯಿಸಲಿಕ್ಕ ಅದೇನು ಚಹಾನಾ?”

ತೆರೆದಾಗ ರೆಕ್ಕೆಗಳ ಬಾಯಲ್ಲಿ ಹಿಂದಿನ ಒಡೆಯನ ಮನೆಯ ದೂಳು ಬೂದುಬಣ್ಣದ ಕಂಬಳಿಯಾಗಿ ಕುಳಿತಿತ್ತು. ಚಿಮಟದಿಂದ ಎತ್ತಿದರೆ ಇಡಿಯಾಗಿಯೇ ಎದ್ದು ಬಂದಿತು. ಚಾಚಾ ಪಂಖದ ಎಲೆಗಳನ್ನು ಬೆರಳಿನಿಂದ ಹಿಡಿದುಕೊಂಡು ಬ್ಲೋಯರಿನಿಂದ ಊದಿದರು. ಹಿಡಿಯದೆ ಊದಿದರೆ ಪಂಖವು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗು ಕೆಡುತ್ತದೆ. ಹೀಟ್ ಸಿಂಕ್ ತೆಗೆದಾಗ ಪೇಸ್ಟು ಬಿರಿದ ಕೆರೆಯಂಗಳದಂತಿತ್ತು. ಅದನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಹೊಸದನ್ನು ತೆಳ್ಳಗೆ ಹಚ್ಚಿ, ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಅಲ್ಲದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಒಂದೇ ಕಡೆ ಬಿಗಿದರೆ ಗಟ್ಟಿ ಓರೆಯಾಗಿ ಕೂರುತ್ತದೆ.

ಈ ಕೆಲಸವನ್ನು ಮನೆಯಲ್ಲೇ ಮಾಡಲಾಗದೆಂದೇನೂ ಇಲ್ಲ. ಹೊರಗಿನ ಕಿಂಡಿಗಳ ದೂಳನ್ನು ಮೃದುವಾದ ಕುಂಚದಿಂದ ತೆಗೆಯುವುದು ಎಲ್ಲರಿಗೂ ಸಾಧ್ಯ, ಎರಡು ಮೂರು ತಿಂಗಳಿಗೊಮ್ಮೆ ತೆಗೆಯತಕ್ಕದ್ದು. ಆದರೆ ಪೆಟ್ಟಿಗೆಯನ್ನು ಬಿಚ್ಚುವುದಕ್ಕೆ ಮುಂಚೆ ಗ್ಯಾರಂಟಿಯ ಅವಧಿ ಮುಗಿದಿದೆಯೇ ನೋಡಿ. ಮುಗಿಯದಿದ್ದರೆ ತಯಾರಕರ ಬಳಿಗೇ ಕಳುಹಿಸಿ. ವಿದ್ಯುತ್ ಪೂರೈಸುವ ಭಾಗವನ್ನಂತೂ ತೆರೆಯಲೇಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಅದರ ಕೆಪ್ಯಾಸಿಟರುಗಳಲ್ಲಿ ಆಘಾತ ಕೊಡುವಷ್ಟು ವಿದ್ಯುತ್ತು ಉಳಿದಿರಬಹುದು. ಕಾದ ಯಂತ್ರದ ಮೇಲೆ ಒದ್ದೆ ಬಟ್ಟೆ ಹಾಸುವುದು, ಐಸ್ ಇಡುವುದು, ಇವೂ ಬೇಡ: ಒಳಗೆ ನೀರಿನ ಹನಿ ಕಟ್ಟಿದರೆ ರಿಪೇರಿಗೂ ಉಳಿಯದು. ಭಾರತದಲ್ಲಿ 2021ರ ಫೆಬ್ರವರಿಯಲ್ಲಿ ಮಾರಾಟಕ್ಕೆ ಬಂದ ಪ್ಲೇಸ್ಟೇಷನ್ 5ರಲ್ಲಿ ಪೇಸ್ಟಿನ ಬದಲು ದ್ರವರೂಪದ ಲೋಹವನ್ನು ಬಳಸಿದ್ದಾರೆ. ಅದು ಶಾಖವನ್ನು ಬಹಳ ಚೆನ್ನಾಗಿ ಸಾಗಿಸುತ್ತದೆ, ಆದರೆ ವಿದ್ಯುತ್ತನ್ನೂ ಸಾಗಿಸುತ್ತದೆ. ಒಂದು ಹನಿ ಚಿಪ್ಪಿನ ಪಕ್ಕಕ್ಕೆ ಜಾರಿದರೆ ಬೋರ್ಡೇ ಸುಟ್ಟುಹೋದೀತು. ಅದನ್ನು ತೆರೆದು ಬಲ್ಲವರೇ ತೆರೆಯಬೇಕು.

ರಿಪೇರಿಗೆ ಕೊಡುವಾಗ ನಿಮಿಷಗಳ ಲೆಕ್ಕವನ್ನು ಚೀಟಿಯಲ್ಲಿ ಬರೆದು ಯಂತ್ರದೊಡನೆಯೇ ಕೊಡಿ. ಅದನ್ನು ಓದದೆ ಬೆಲೆ ಹೇಳುವವನಿಂದ ಯಂತ್ರವನ್ನು ಹಿಂದಕ್ಕೆ ಪಡೆಯಿರಿ. ಬಿಸಿಗಾಳಿ ಕೊಡುವೆನೆಂದರೆ, ಎಷ್ಟು ತಿಂಗಳ ಹೊಣೆ ಎಂದು ಬರೆದುಕೊಡಲು ಕೇಳಿ. ಚಾಚಾ ನಮ್ಮಿಂದ ಪಡೆದದ್ದು ಪೇಸ್ಟಿನ ಬೆಲೆಯೂ ಸೇರಿ 650 ರೂಪಾಯಿ. ಮೇ ತಿಂಗಳ ಎರಡನೆಯ ವಾರ, ಹೊರಗೆ 41 ಡಿಗ್ರಿ ಇದ್ದ ಒಂದು ಮಧ್ಯಾಹ್ನ, ಅದು ಎರಡು ಗಂಟೆ ಐದು ನಿಮಿಷ ನಡೆಯಿತು. ಆಮೇಲೆ ಆರಿದ್ದು ಕರೆಂಟು ಹೋದುದರಿಂದ.