ವಿಮಾನ ಟಿಕೆಟ್‌ನ ತಪ್ಪು ದರ ಮತ್ತು ಅಚೌರ್ಯಾಣುವ್ರತ

ವಿಮಾನ ಟಿಕೆಟ್‌ನ ದರ ಒಂದೇ ದಿನದಲ್ಲಿ ಹಲವು ಸಲ ಬದಲಾಗುತ್ತದೆ. ದರ ತುಂಬುವಾಗ ಒಂದು ಸೊನ್ನೆ ಬಿಟ್ಟುಹೋಗಬಹುದು, ಇಂಧನದ ಸರ್‌ಚಾರ್ಜ್ ಸೇರದೆ ಹೋಗಬಹುದು, ಒಂದು ದೇಶದ ಹಣವನ್ನು ಇನ್ನೊಂದಕ್ಕೆ ಪರಿವರ್ತಿಸುವ ಲೆಕ್ಕ ಕೆಡಬಹುದು. ಆಗ ಲಕ್ಷ ರೂಪಾಯಿಯ ಟಿಕೆಟ್ ಕೆಲವು ಸಾವಿರಕ್ಕೆ ಕಾಣಿಸುತ್ತದೆ. ಕಂಪನಿಯವರು ನೋಡಿ ಸರಿಪಡಿಸುವುದರೊಳಗೆ ಮೊಬೈಲ್‌ನಿಂದ ಮೊಬೈಲ್‌ಗೆ ಸುದ್ದಿ ಹಬ್ಬಿ ಸಾವಿರಾರು ಜನ ಬುಕ್ ಮಾಡಿರುತ್ತಾರೆ. ಸಮಾಜದ ಯುವಕರು ಓದಿಗೆ, ಉದ್ಯೋಗಕ್ಕೆ ವಿದೇಶಕ್ಕೆ ಹೋಗಿ ಬರುವ ಈ ಕಾಲದಲ್ಲಿ ಇಂಥ ಟಿಕೆಟ್ ಕೊಳ್ಳುವುದು ಜಾಣತನವೋ, ವ್ರತಕ್ಕೆ ದೋಷವೋ ಎಂಬ ಪ್ರಶ್ನೆ ಬರುವುದು ಸಹಜ.

ಮೊದಲು ನಡೆದ ಸಂಗತಿಗಳು. 2013ರ ಡಿಸೆಂಬರ್ 26ರಂದು ಅಮೆರಿಕದ ಡೆಲ್ಟಾ ಕಂಪನಿಯ ದರಗಳು ಬೆಳಿಗ್ಗೆ ಸುಮಾರು ಎರಡು ಗಂಟೆ ಕಾಲ ತಪ್ಪಾಗಿ ಬಹಳ ಕಡಿಮೆಯಾದವು. ಕಂಪನಿ ಆ ಟಿಕೆಟ್‌ಗಳನ್ನು ಮಾನ್ಯ ಮಾಡಿತು. 2019ರ ಹೊಸ ವರ್ಷದ ಹೊತ್ತಿಗೆ ಕ್ಯಾಥೆ ಪೆಸಿಫಿಕ್ ವಿಯೆಟ್ನಾಂನಿಂದ ನ್ಯೂಯಾರ್ಕ್‌ಗೆ ಹೋಗಿ ಬರುವ ಬಿಸಿನೆಸ್ ಕ್ಲಾಸ್ ಟಿಕೆಟನ್ನು ಸುಮಾರು 675 ಡಾಲರಿಗೆ ಮಾರಿತು. ಸಾಮಾನ್ಯ ದರ ಸುಮಾರು 16,000 ಡಾಲರ್. ಅವರೂ ಮಾತಿಗೆ ತಪ್ಪಲಿಲ್ಲ. 2024ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ಫಸ್ಟ್ ಕ್ಲಾಸ್ ಟಿಕೆಟ್‌ಗಳು ಶೇ. 85ರಷ್ಟು ಕಡಿಮೆಗೆ ಹೋದವು. ಕೊಂಡವರು ಸುಮಾರು 300 ಜನ. ಕಂಪನಿ ಹೆಚ್ಚು ಹಣ ಕೇಳದೆ ಅವರಿಗೆ ಬಿಸಿನೆಸ್ ಕ್ಲಾಸ್ ಕೊಟ್ಟಿತು.

2015ರ ಫೆಬ್ರವರಿಯ ಯುನೈಟೆಡ್ ಪ್ರಕರಣ ಬೇರೆ ಬಗೆಯದು. ಲಂಡನ್ನಿಂದ ಅಮೆರಿಕಕ್ಕೆ ಫಸ್ಟ್ ಕ್ಲಾಸ್ ಟಿಕೆಟ್ ನೂರು ಡಾಲರಿಗಿಂತ ಕಡಿಮೆಗೆ ಸಿಗುತ್ತಿತ್ತು, ಆದರೆ ಡೆನ್ಮಾರ್ಕಿನವರಿಗಾಗಿ ಇದ್ದ ಪುಟದಲ್ಲಿ, ಡ್ಯಾನಿಷ್ ಹಣದಲ್ಲಿ ಮಾತ್ರ. ಡೆನ್ಮಾರ್ಕಿಗೂ ತಮಗೂ ಸಂಬಂಧವೇ ಇಲ್ಲದ ಸಾವಿರಾರು ಜನ ತಮ್ಮ ದೇಶ ಡೆನ್ಮಾರ್ಕ್ ಎಂದು ತುಂಬಿ ಟಿಕೆಟ್ ಕೊಂಡರು. ಕಂಪನಿ ಎಲ್ಲವನ್ನೂ ರದ್ದು ಮಾಡಿತು, ಅಮೆರಿಕದ ಸಾರಿಗೆ ಇಲಾಖೆ ಕಂಪನಿಯ ಮೇಲೆ ಕ್ರಮ ಕೈಗೊಳ್ಳಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಇಲಾಖೆ ಒಂದು ಸೂಚನೆ ಹೊರಡಿಸಿತು: ದರ ನಿಜವಾಗಿಯೂ ತಪ್ಪಾಗಿದ್ದರೆ ಕಂಪನಿ ಟಿಕೆಟ್ ರದ್ದು ಮಾಡಬಹುದು, ಆದರೆ ಪೂರ್ತಿ ಹಣ ಹಿಂದಿರುಗಿಸಿ, ಆ ಟಿಕೆಟ್ ನಂಬಿ ಪ್ರಯಾಣಿಕ ಮಾಡಿದ ಇತರ ಖರ್ಚನ್ನೂ ಕೊಡಬೇಕು.

ನ್ಯಾಯಾಲಯಗಳು ಇದನ್ನು ಹೇಗೆ ನೋಡಿವೆ? 2003ರ ಜನವರಿಯಲ್ಲಿ ಸಿಂಗಾಪುರದ ಒಂದು ಅಂಗಡಿಯ ಅಂತರಜಾಲ ಪುಟದಲ್ಲಿ 3,854 ಡಾಲರಿನ ಪ್ರಿಂಟರ್ 66 ಡಾಲರ್ ಎಂದು ತಪ್ಪಾಗಿ ನಮೂದಾಯಿತು. ಆರು ಜನ ಸೇರಿ 1,606 ಪ್ರಿಂಟರ್ ಆರ್ಡರ್ ಮಾಡಿದರು. ಮನೆಗೊಂದು ಪ್ರಿಂಟರ್ ಬೇಕಾದವನು ಅಷ್ಟು ಕೊಳ್ಳುವುದಿಲ್ಲ. ಅದು ತಪ್ಪೆಂದು ಅವರಿಗೆ ಗೊತ್ತಿತ್ತು, ಆದ್ದರಿಂದ ಕರಾರು ನಿಲ್ಲುವುದಿಲ್ಲ ಎಂದು ಹೈಕೋರ್ಟ್ ಹೇಳಿತು, 2005ರಲ್ಲಿ ಮೇಲಿನ ನ್ಯಾಯಾಲಯವೂ ಒಪ್ಪಿತು. 1939ರ ಒಂದು ಇಂಗ್ಲಿಷ್ ತೀರ್ಪಿನಲ್ಲಿ ಮಾರುವವನು ನಗಕ್ಕೆ ಹೇಳಬೇಕಾದ ಬೆಲೆಯನ್ನು ಪೌಂಡ್ ತೂಕಕ್ಕೆ ಹೇಳಿದ್ದ. ಆ ಕಸುಬಿನ ಪದ್ಧತಿ ಬಲ್ಲ ಕೊಳ್ಳುವವನಿಗೆ ಅದು ತಪ್ಪೆಂದು ತಿಳಿಯದೆ ಇರದು ಎಂದು ನ್ಯಾಯಾಲಯ ಹೇಳಿತು. (ಆ ಸರಕು ಮೊಲದ ಚರ್ಮ. ಶ್ರಾವಕನು ಮುಟ್ಟುವ ವ್ಯಾಪಾರವೇ ಅಲ್ಲ, ಆದರೆ ತೂಕ ಮತ್ತು ನಗದ ಗೊಂದಲ ಯಾವ ಪೇಟೆಯವರಿಗೂ ಅರ್ಥವಾಗುತ್ತದೆ.)

ಕಾನೂನು ಕರಾರಿನ ಮಟ್ಟಿಗೆ ಹೇಳುತ್ತದೆ. ಶಾಸ್ತ್ರ ಕೊಳ್ಳುವವನ ಒಳಗನ್ನು ಕೇಳುತ್ತದೆ. ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದೇ ಕಳವು ಎಂದಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗೃಹಸ್ಥನಿಗೆ ತಿಳಿಯುವಂತೆ ಬಿಡಿಸಿದ್ದಾರೆ: ಇನ್ನೊಬ್ಬರು ಇಟ್ಟದ್ದು, ಬೀಳಿಸಿಕೊಂಡದ್ದು, ಮರೆತದ್ದು ಯಾವುದನ್ನೂ ಅವರು ಕೊಡದೆ ತಾನು ತೆಗೆದುಕೊಳ್ಳಬಾರದು, ಬೇರೆಯವರಿಗೆ ಕೊಡಲೂ ಬಾರದು. ಬಿಟ್ಟುಹೋದ ಸೊನ್ನೆ ಮರೆತ ವಸ್ತುವಿನ ಸಾಲಿಗೇ ಸೇರುತ್ತದೆ. ಹಬ್ಬದ ಆಫರ್, ಕಡೆಗಳಿಗೆಯ ರಿಯಾಯಿತಿ ಹಾಗಲ್ಲ. ಅವು ಮಾಲೀಕನು ತಿಳಿದು ಕೊಟ್ಟವು, ಒಂದು ರೂಪಾಯಿಯ ಟಿಕೆಟ್ ಆದರೂ ಕೊಂಡರೆ ದೋಷವಿಲ್ಲ.

ಇನ್ನೂ ಹತ್ತಿರದ ಮಾತು ಅಚೌರ್ಯದ ಐದು ಅತಿಚಾರಗಳಲ್ಲಿದೆ. ಅವುಗಳಲ್ಲಿ ಒಂದು ವಿರುದ್ಧರಾಜ್ಯಾತಿಕ್ರಮ. ತೆರಿಗೆ ತಪ್ಪಿಸುವುದು, ಕಳ್ಳಸಾಗಣೆ ಎಂದಷ್ಟೇ ಈಗ ಇದಕ್ಕೆ ಅರ್ಥ ಹೇಳುವುದುಂಟು. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ವಿವರಣೆ ಇಲ್ಲಿಗೆ ಹೇಳಿದಂತಿದೆ. ಉಚಿತವಾದ ನ್ಯಾಯ ಬಿಟ್ಟು ಬೇರೆ ರೀತಿಯಲ್ಲಿ ಕೊಡುಕೊಳ್ಳುವುದು ಅತಿಕ್ರಮ. ರಾಜ್ಯದ ವ್ಯವಸ್ಥೆ ಕೆಟ್ಟಾಗ ಬೆಲೆಬಾಳುವ ವಸ್ತು ಅಗ್ಗಕ್ಕೆ ಸಿಗುತ್ತದೆಂದು ಅದಕ್ಕೆ ಪ್ರಯತ್ನಿಸುವುದೇ ಆ ದೋಷ. ಅಂದು ಕೆಟ್ಟದ್ದು ರಾಜ್ಯ, ಇಂದು ಕೆಟ್ಟದ್ದು ಕಂಪ್ಯೂಟರ್. ಪ್ರಯತ್ನ ಒಂದೇ. ಡೆನ್ಮಾರ್ಕ್ ಎಂದು ತುಂಬಿದವರಿಗೆ ಇದರ ಜೊತೆಗೆ ಸತ್ಯಾಣುವ್ರತದ ದೋಷವೂ ಬರುತ್ತದೆ.

ದೊಡ್ಡ ಕಂಪನಿಗೆ ಇದರಿಂದ ಏನು ನಷ್ಟ ಎಂದು ಕೆಲವರು ಕೇಳುತ್ತಾರೆ. ಮಾಲೀಕನು ಶ್ರೀಮಂತನಾದರೆ ಮರೆತ ವಸ್ತು ತೆಗೆದುಕೊಳ್ಳಬಹುದು ಎಂದು ಯಾವ ಆಚಾರ್ಯರೂ ಬರೆದಿಲ್ಲ. ಪ್ರಯಾಣಿಕನು ತಾರೀಖು ತಪ್ಪಿದರೆ ಕಂಪನಿ ದಂಡ ಹಾಕುತ್ತದಲ್ಲ ಎಂಬ ದೂರಿನಲ್ಲಿ ಮಾತ್ರ ನ್ಯಾಯವಿದೆ. ಆದರೂ ಅಮೆರಿಕದಲ್ಲಿ ಪ್ರಯಾಣಕ್ಕೆ ಏಳು ದಿನ ಮುಂಚೆ ಕೊಂಡ ಟಿಕೆಟನ್ನು 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು, ಇಲ್ಲವೇ ಹಣ ಕೊಡದೆ ಅದೇ ದರಕ್ಕೆ ಕಾದಿರಿಸಲು ಕಂಪನಿಗಳು ಅವಕಾಶ ಕೊಡಬೇಕೆಂಬ ನಿಯಮವಿದೆ. ಕೊಂಡವನಿಗೆ ತಪ್ಪು ತಿದ್ದಿಕೊಳ್ಳಲು ಒಂದು ದಿನ ಬೇಕೆಂದರೆ ಮಾರಿದವನಿಗೂ ಅಷ್ಟು ಬೇಕು. ಅಂಗಡಿಯಲ್ಲಿ ಗಿರಾಕಿ ನೂರರ ನೋಟೆಂದು ಐನೂರರದ್ದು ಕೊಟ್ಟರೆ ಒಳ್ಳೆಯ ವ್ಯಾಪಾರಿ ಕೂಗಿ ಕರೆದು ಹಿಂದಿರುಗಿಸುತ್ತಾನೆ. ತಪ್ಪಿ ಬಂದ ಹಣ ಹಿಂದಿರುಗಿಸಬೇಕೆಂದು 1872ರ ಭಾರತೀಯ ಕರಾರು ಕಾಯಿದೆಯ 72ನೇ ಕಲಮೂ ಹೇಳುತ್ತದೆ.

ಆದರೆ ಎಲ್ಲ ಅಗ್ಗದ ಟಿಕೆಟ್ಟೂ ಸಂಶಯದ್ದಲ್ಲ. ಏಳು ಸಾವಿರದ ಟಿಕೆಟ್ ಮೂರು ಸಾವಿರಕ್ಕೆ ಸಿಕ್ಕರೆ ಅದು ಆಫರೋ ತಪ್ಪೋ ಕೊಳ್ಳುವವನಿಗೆ ತಿಳಿಯುವ ದಾರಿಯಿಲ್ಲ. ಸರ್ವಾರ್ಥಸಿದ್ಧಿಯ ಪ್ರಕಾರ ಕಳವಿಗೆ ಮೂಲ ಕಲುಷಿತ ಪರಿಣಾಮ, ಅಂದರೆ ಮನಸ್ಸಿನ ಭಾವ. ಅದಿಲ್ಲದೆ ಕೊಂಡವನಿಗೆ ದೋಷವಿಲ್ಲ. ಆಮೇಲೆ ತಪ್ಪೆಂದು ತಿಳಿದರೆ ಕಂಪನಿಗೆ ಒಂದು ಪತ್ರ ಬರೆದು ಈ ದರ ಸರಿಯೇ ಎಂದು ಕೇಳಬಹುದು. ಕ್ಯಾಥೆಯವರಂತೆ ಸರಿ ಎಂದರೆ ಅದು ಕೊಟ್ಟದ್ದಾಯಿತು, ನಿಶ್ಚಿಂತೆಯಿಂದ ಹೋಗಬಹುದು. ಇಲ್ಲವೆಂದರೆ ಹಣ ಹಿಂದಕ್ಕೆ ಪಡೆದರಾಯಿತು, ಪರಿಹಾರಕ್ಕೆ ಜಗಳ ಬೇಡ. ಪರಿಹಾರ ಸಿಗಲೆಂದೇ ಹೋಟೆಲ್ ಬುಕ್ ಮಾಡುವುದಂತೂ ಎರಡನೆಯ ತಪ್ಪು. ಉಳಿದ ಹಣವನ್ನು ಬಸದಿಗೆ ಕೊಟ್ಟರೆ ಸರಿಹೋಗುತ್ತದೆ ಎಂಬ ಸಮಾಧಾನಕ್ಕೂ ಜಾಗವಿಲ್ಲ, ಸಮಂತಭದ್ರರು ಬೇರೆಯವರಿಗೆ ಕೊಡಬಾರದೆಂದದ್ದು ಇದನ್ನೂ ಒಳಗೊಳ್ಳುತ್ತದೆ.

ತೀರ್ಥಯಾತ್ರೆ ಏರ್ಪಡಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸಮ್ಮೇದ ಶಿಖರಜಿಗೆ ನಲವತ್ತು ಜನರಿಗೆ ರಾಂಚಿಯ ಟಿಕೆಟ್ ತಪ್ಪು ದರದಲ್ಲಿ ಕೊಂಡರೆ ಅದರ ದೋಷ ವಿಷಯ ತಿಳಿಯದ ನಲವತ್ತು ಜನರ ಹೆಸರಿನಲ್ಲಿ ನಡೆಯುತ್ತದೆ. ಕಂಪನಿ ಆಮೇಲೆ ರದ್ದು ಮಾಡಿದರೆ ಮಧುಬನದ ಧರ್ಮಶಾಲೆ, ಬಸ್ಸು, ವೃದ್ಧರಿಗೆ ಹೇಳಿಟ್ಟ ಡೋಲಿ ಎಲ್ಲವೂ ತಪ್ಪುತ್ತವೆ. ದರ ನಂಬಲಾಗದಷ್ಟು ಕಡಿಮೆ ಕಂಡಾಗ ಹಣ ಕಟ್ಟುವ ಮೊದಲೇ ಕಂಪನಿಯ ಕಚೇರಿಗೆ ಒಂದು ಫೋನ್ ಮಾಡಿದರೆ ಸಾಕು.