ಒಂದೇ ಗುಂಡಿಯ ಕೀಲಿಮಣೆ

ಕಾಯಿಲೆಯಿಂದ ಮೈಯ ಚಲನೆ ಕಳೆದುಕೊಂಡಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಕನ್ನಡಕಕ್ಕೆ ಪುಟ್ಟದೊಂದು ಇನ್‌ಫ್ರಾರೆಡ್ ಸಂವೇದಕ ಅಳವಡಿಸಿದ್ದರು. ಅವರು ಕೆನ್ನೆ ಬಿಗಿದರೆ ಅದಕ್ಕೆ ಗೊತ್ತಾಗುತ್ತಿತ್ತು. ಕಂಪ್ಯೂಟರಿಗೆ ಅದೇ ಒಂದು ಕ್ಲಿಕ್. ಬೆರಳು ಆಡುತ್ತಿದ್ದ ಕಾಲದಲ್ಲಿ ಕೈಯಲ್ಲಿನ ಗುಂಡಿ ಒತ್ತಿ ನಿಮಿಷಕ್ಕೆ 15 ಪದದವರೆಗೆ ಬರೆಯುತ್ತಿದ್ದವರು 2011ರ ಹೊತ್ತಿಗೆ ಒಂದೆರಡು ಪದಕ್ಕೆ ಇಳಿದಿದ್ದರು. ಇಂಟೆಲ್‌ನ ಲಾಮಾ ನಾಚ್ಮನ್ ಅವರ ತಂಡ ಕಣ್ಣಿನ ಚಲನೆ ಗುರುತಿಸುವ ಸಾಧನವನ್ನೂ ಹಚ್ಚಿ ನೋಡಿತು. ರೆಪ್ಪೆ ಜೋತುಬಿದ್ದಿದ್ದರಿಂದ ಅದು ಕೈಕೊಟ್ಟಿತು. ಕೊನೆಗೆ ಕೆನ್ನೆಯ ಸ್ವಿಚ್ಚನ್ನೇ ಉಳಿಸಿಕೊಂಡು ತಂತ್ರಾಂಶವನ್ನು ಹೊಸದಾಗಿ ಬರೆದರು. 2015ರಲ್ಲಿ ಅದನ್ನು ಎಲ್ಲರ ಬಳಕೆಗೂ ಮುಕ್ತವಾಗಿ ಬಿಟ್ಟರು.

ಒಂದು ಕ್ಲಿಕ್ಕಿನಿಂದ ವಾಕ್ಯ ಬರೆಯುವುದು ಹೇಗೆ? ಪರದೆಯ ಮೇಲೆ ಅಕ್ಷರಗಳ ಚೌಕ. ಬೆಳಕಿನ ಪಟ್ಟಿ ಸಾಲಿನಿಂದ ಸಾಲಿಗೆ ತಾನಾಗಿ ಇಳಿಯುತ್ತದೆ. ಬೇಕಾದ ಸಾಲು ಬಂದಾಗ ಒಮ್ಮೆ ಒತ್ತಬೇಕು. ಆಮೇಲೆ ಅದು ಅಕ್ಷರದಿಂದ ಅಕ್ಷರಕ್ಕೆ ಸರಿಯುತ್ತದೆ. ಬೇಕಾದಲ್ಲಿ ಇನ್ನೊಮ್ಮೆ ಒತ್ತಬೇಕು. ನಮ್ಮ 49 ಅಕ್ಷರಗಳನ್ನು ಒಂದಾದ ಮೇಲೊಂದು ತೋರಿಸುತ್ತ ಹೋದರೆ ಸರಾಸರಿ 25 ಹೆಜ್ಜೆ ಕಾಯಬೇಕು. ಸಾಲಿಗೆ ಏಳರಂತೆ ಏಳು ಸಾಲು ಮಾಡಿದರೆ ಎಂಟೇ ಹೆಜ್ಜೆ. ಆದರೂ ಕನ್ನಡಕ್ಕೆ ಇಷ್ಟು ಸಾಲದು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಸ, ಒತ್ತಿನ ಕೀ, ತ, ಮತ್ತೆ ಒತ್ತಿನ ಕೀ, ರ, ಈಕಾರ ಹೀಗೆ ಆರು ಆಯ್ಕೆ. ಹೆಜ್ಜೆಗೆ ಒಂದು ಸೆಕೆಂಡ್ ಎಂದರೂ ಮುಕ್ಕಾಲು ನಿಮಿಷ! ಮಾತುಮಾತಿಗೂ ಬೇಕಾಗುವ ರ, ಲ, ವ ವರ್ಣಮಾಲೆಯ ಕೊನೆಯಲ್ಲಿವೆ. ಅವನ್ನು ಮೇಲಿನ ಸಾಲಿಗೆ ತಂದು, ಪದ ಊಹಿಸಿ ಮುಂದಿಡುವ ವ್ಯವಸ್ಥೆಯನ್ನೂ ಜೋಡಿಸಿದರೆ ಬರೆಯುವವರ ಎಷ್ಟೋ ದಣಿವು ತಪ್ಪುತ್ತದೆ. ಕನ್ನಡ ತಂತ್ರಾಂಶ ಬರೆಯುವವರು ಮನಸ್ಸು ಕೊಡಬೇಕಾದ ಕೆಲಸವಿದು.

ಈ ಕ್ಲಿಕ್ ಕೊಡುವ ಸಾಮಾನ್ಯ ಸ್ವಿಚ್ ಅಂದರೆ ಒತ್ತಿದಾಗ ಕೂಡುವ ಎರಡು ತಂತಿ, ಕೊನೆಗೆ ಇಯರ್‌ಫೋನಿನಂಥದೇ 3.5 ಮಿ.ಮೀ. ಪಿನ್ನು. ಅದನ್ನು ಎಲ್ಲಿಡಬೇಕು ಎಂಬುದೇ ಕಷ್ಟದ ಪ್ರಶ್ನೆ. ಸೆರೆಬ್ರಲ್ ಪಾಲ್ಸಿ ಇರುವ ಮಗು ಕೈ ಚಾಚಿದರೆ ಮೈಯೆಲ್ಲ ಸೆಟೆದುಕೊಳ್ಳಬಹುದು. ಸ್ವಿಚ್ ತಲೆಯ ಪಕ್ಕದಲ್ಲಿದ್ದರೆ ತಿರುಗುವಾಗ ನೋಟ ಪರದೆಯಿಂದ ತಪ್ಪಬಹುದು. ಮೊಣಕಾಲು, ಪಾದ, ಗಲ್ಲ, ಉಸಿರು, ಯಾವುದಾದರೂ ಸರಿ. ಬೆಳಿಗ್ಗೆ ಆಡಿದಷ್ಟೇ ಸಲೀಸಾಗಿ ಸಂಜೆಯೂ ಆಡುವ ಜಾಗ ಸಿಗಬೇಕು. ಕೈ ನಡುಗಿ ಒಂದು ಸಲಕ್ಕೆ ಮೂರು ಸಲ ಒತ್ತಿಹೋದರೆ, ಬೆನ್ನಿಗೇ ಬರುವ ಒತ್ತುಗಳನ್ನು ಲೆಕ್ಕಕ್ಕೆ ಹಿಡಿಯದಂತೆ ಸೆಟ್ಟಿಂಗ್‌ನಲ್ಲಿ ಹೇಳಬಹುದು.

ಸ್ವಿಚ್ ಕೊಳ್ಳುವ ಮೊದಲು ಮೊಬೈಲಿನಲ್ಲೇ ಪರೀಕ್ಷಿಸಿ. ಐಫೋನಿನಲ್ಲಿ ‘ಸ್ವಿಚ್ ಕಂಟ್ರೋಲ್’ ಇದೆ; ಆಂಡ್ರಾಯ್ಡ್‌ಗೆ ‘ಸ್ವಿಚ್ ಆ್ಯಕ್ಸೆಸ್’ ಆ್ಯಪ್ ಉಚಿತವಾಗಿ ಸಿಗುತ್ತದೆ. ಮುಂಬದಿಯ ಕ್ಯಾಮೆರಾಕ್ಕೆ ಐಫೋನಿನಲ್ಲಾದರೆ ತಲೆ ಹೊರಳಿಸುವುದು, ಆಂಡ್ರಾಯ್ಡ್‌ನಲ್ಲಾದರೆ ಹುಬ್ಬೇರಿಸುವುದು ಅಥವಾ ನಗುವುದೇ ಕ್ಲಿಕ್ ಆಗುತ್ತದೆ.