ಮಗು ಗುಂಡಗಿದ್ದರೆ ಸಾಕೆ?

“ಎಷ್ಟು ಗುಂಡುಗುಂಡಗಿದೆ, ದೃಷ್ಟಿ ತೆಗೀರಿ” ಎಂದು ಯಾರಾದರೂ ಅಂದರೆ ತಾಯಂದಿರಿಗೆ ಹಿಗ್ಗು. ಆದರೆ ಹತ್ತು ವರ್ಷದ ಹುಡುಗ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಟ್ಟರೆ ವೈದ್ಯರಿಗೆ ತೋರಿಸಿ. ಬೊಜ್ಜು ದೃಷ್ಟಿ ತೆಗೆದರೆ ಹೋಗುವಂಥದ್ದಲ್ಲ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಮ್ಮ ಮಕ್ಕಳಿಗೆ ಶಾಲೆಗೆ ಆಟೋ, ಸಂಜೆ ಟ್ಯೂಷನ್, ಆಮೇಲೆ ಮೊಬೈಲು! ಊಟ ಬೇಗ ಮುಗೀಲಿ ಅಂತ ಅದನ್ನು ಕೈಗೆ ಕೊಡುವವರು ಯಾರು ಹೇಳಿ?

ಹಾಗೆಂದು ಬೆಳೆಯುವ ಮಕ್ಕಳಿಗೆ ಅನ್ನ ಕಡಿಮೆ ಮಾಡಿ ಉಪವಾಸ ಕೆಡವಬೇಡಿ. “ಡುಮ್ಮ” ಎಂದು ನೆಂಟರೆದುರು ಆಡಿಕೊಳ್ಳುವುದಂತೂ ಬೇಡವೇ ಬೇಡ. ಬೇಕರಿ ಪಫ್, ಬಾಟಲಿ ಜ್ಯೂಸಿನ ಬದಲು ಹುರಿಗಡಲೆ, ಸೀಬೆಹಣ್ಣು, ಮಜ್ಜಿಗೆ ಇಡಿ. “ದೊಡ್ಡವಳಾದೆ” ಎಂದು ಮಗಳನ್ನು ಒಳಗೆ ಕೂರಿಸುವುದೇಕೆ? ಅವಳಿಗೂ ಲಗೋರಿ, ಹಗ್ಗದಾಟ ಬೇಕು. ಸಂಜೆ ಐದಕ್ಕೆ ಟೀವಿ ಆರಿಸಿ ಇಬ್ಬರನ್ನೂ ಹೊರಗೆ ಕಳಿಸಿ. ಬಟ್ಟೆ ಕೊಳೆಯಾದರೆ ಒಗೆದರಾಯಿತು.